ಮುಚ್ಚಳ ಮುಚ್ಚಗೊಡದ ಮಾತ್ರೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೆಂದೊಡನೆ ನೆನಪಾಗುವುದು ಕಾವೇರಿಯ ದಂಡೆ ಮತ್ತು ಸಂಗೀತ. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ೧೯೨೦ರಲ್ಲಿ ಜನಿಸಿದ್ದು ಈ ಊರಿನಲ್ಲಿ. ತ್ಯಾಗರಾಜನ್ ಮತ್ತು ತಾರಾನಾಥನ್ ಎಂಬ ಅಣ್ಣತಮ್ಮಂದಿರು ಊರಿನ ಹೆಸರನ್ನೇ ಮುಂದಿಟ್ಟುಕೊಂಡು ಸಂಗೀತಲೋಕದಲ್ಲಿ ಖ್ಯಾತರಾದರು. ತಂಬೂರಿಯ ಆಕಾರದಲ್ಲಿಯೇ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನಮಂದಿರವೂ ಇಲ್ಲಿದೆ. ಇಂಥ ಊರಿನ ಮನೆಯೊಂದರಲ್ಲಿ ತಂಬೂರಿ ಇರುವುದು ಸೋಜಿಗವಲ್ಲ. ಆ ತಂಬೂರಿಯ ಹಿಂದಿನ ಗೂಡಿನಲ್ಲಿ, ನುಂಗದೆ ಬಿಟ್ಟ ಮಾತ್ರೆಗಳ ಪಟ್ಟಿಯೊಂದು ಅಡಗಿದ್ದರೆ ಅದು ಸೋಜಿಗ. ಕಳವಳದ ಸಂಗತಿಯೂ ಹೌದು.

ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಗೃಹಿಣಿಗೆ ೪೬ ವರ್ಷ. ಹಿಂದಿನ ವರ್ಷ ಎಡಗಡೆಯ ಸ್ತನದಲ್ಲಿ ಕಾಣಿಸಿಕೊಂಡ ಗಂಟನ್ನು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ಚಿಕಿತ್ಸೆಯ ಉಳಿದ ಕಂತುಗಳೂ ಮುಗಿದಿವೆ. ಕೂದಲು ಮತ್ತೆ ಬಂದಿದೆ; ಸಂಜೆ ನಾಲ್ಕಾರು ಮಕ್ಕಳಿಗೆ ಸರಳೆ ಜಂಟಿವರಸೆ ಹೇಳಿಕೊಡುವಷ್ಟು ಶಕ್ತಿಯೂ ಬಂದಿದೆ. ಉಳಿದಿರುವುದು ದಿನಕ್ಕೊಂದು ಪುಟ್ಟ ಬಿಳಿಯ ಮಾತ್ರೆ. ಹೆಸರು ಟ್ಯಾಮಾಕ್ಸಿಫೆನ್, ತೂಕ ೨೦ ಮಿಲಿಗ್ರಾಂ. ವೈದ್ಯರು ಹೇಳಿದ ಅವಧಿ ಐದು ವರ್ಷ. ಮುಂದೆ ಬೇಕಾದರೆ ಇನ್ನಷ್ಟು.

ಆದರೆ ಮಾತ್ರೆ ತೊಡಗಿದಂದಿನಿಂದ ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ನಡುರಾತ್ರಿಯಲ್ಲಿ ನಿದ್ದೆ ಹಾರುತ್ತದೆ. ಅದನ್ನು ಕಂಡ ಅತ್ತೆಯವರು ಮರುಕದಿಂದಲೇ ಒಂದು ಮಾತು ಹೇಳಿದರು: “ಗಂಟು ತೆಗೆಸಿ ವರ್ಷವಾಯಿತಲ್ಲಮ್ಮ. ಇಲ್ಲದ ರೋಗಕ್ಕೆ ಮದ್ದು ನುಂಗಿ ಮೈಯನ್ನೇಕೆ ಕಾಯಿಸಿಕೊಳ್ಳುತ್ತೀ?” ಸೊಸೆಗೂ ಆ ಮಾತು ಹಿತವೆನಿಸಿತು. ಮಾತ್ರೆಯ ಪಟ್ಟಿ ಗೂಡು ಸೇರಿತು.

ಗೌರೀಹಬ್ಬಕ್ಕೆಂದು ಮೈಸೂರಿನ ಕಾಲೇಜಿನಿಂದ ಬಂದ ಮಗಳು ತಂಬೂರಿಯ ಗವಸು ಬಿಚ್ಚುವಾಗ ಅದು ಸಿಕ್ಕಿತು. ಲೆಕ್ಕ ಹಾಕಿದಳು, ಎಂಟು ದಿನಗಳ ಮಾತ್ರೆ ಹಾಗೆಯೇ ಇತ್ತು. ತಾಯಿ ಅಡಗಿಸಲಿಲ್ಲ, ಅಳಲೂ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: “ರೋಗವೇ ಹೋದ ಮೇಲೆ ಈ ಮಾತ್ರೆ ಒಳಗೆ ಹೋಗಿ ಯಾವುದನ್ನು ಕೊಲ್ಲಬೇಕು, ಹೇಳು?”

ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ. ಸ್ತನದ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಾರ್ಮೋನನ್ನು ಉಂಡು ಬೆಳೆಯುವ ಜಾತಿಯವು. ಆದುದರಿಂದ ಇಂಥ ಮಾತ್ರೆ ಅನೇಕ ಮನೆಗಳನ್ನು ಹೊಕ್ಕಿದೆ. ಅದರೊಡನೆ ಈ ಪ್ರಶ್ನೆಯೂ ಹೊಕ್ಕಿದೆ. ಉತ್ತರ ಸರಳ: ಈ ಮಾತ್ರೆ ಮುಖ್ಯವಾಗಿ ಕೊಲ್ಲುವ ಮದ್ದಲ್ಲ, ಕುಳಿತುಕೊಳ್ಳುವ ಮದ್ದು. ಎಲ್ಲಿ ಕುಳಿತುಕೊಳ್ಳುತ್ತದೆ, ಕುಳಿತು ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಐದು ವರ್ಷದ ಲೆಕ್ಕವೂ ತಾನಾಗಿ ತಿಳಿಯುತ್ತದೆ.

ಹಾರ್ಮೋನು ಮತ್ತು ಅದರ ಪೀಠ

ಹಾರ್ಮೋನು ದೇಹದ ಓಲೆಕಾರ. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದೊಡನೆ ಊರೂರು ಸುತ್ತಿ, ಬೇಕಾದ ಅಂಗಕ್ಕೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಸ್ತ್ರೀಯರ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರಡಯಾಲ್ ಎಂಬುದು ಈಸ್ಟ್ರೋಜೆನ್ ಕುಲದ ಮುಖ್ಯ ಹಾರ್ಮೋನು. ಒಂದು ಮಿಲಿಲೀಟರು ರಕ್ತದಲ್ಲಿ ಇದರ ಪ್ರಮಾಣವನ್ನು ಗ್ರಾಮಿನ ಲಕ್ಷ ಕೋಟಿಯ ಪಾಲುಗಳಲ್ಲಿ ಎಣಿಸಬೇಕು; ಅಂಥ ಕೆಲವು ಹತ್ತು ಅಥವಾ ಕೆಲವು ನೂರು ಪಾಲುಗಳಷ್ಟೇ ಅದು ಇರುವುದು. ಇಷ್ಟು ಅಲ್ಪವಾದ ವಸ್ತು ಹುಡುಗಿಯನ್ನು ಹೆಂಗಸಾಗಿಸುತ್ತದೆ, ತಿಂಗಳ ಮುಟ್ಟನ್ನು ನಡೆಸುತ್ತದೆ, ಮೂಳೆಯನ್ನು ಗಟ್ಟಿಯಾಗಿರಿಸುತ್ತದೆ.

ಅಲ್ಪವಾದುದು ಇಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ೧೯೫೦ರ ದಶಕದ ಕೊನೆಯಲ್ಲಿ ದಾರಿ ಕಂಡರು. ಅವರು ಈಸ್ಟ್ರಡಯಾಲಿಗೆ ವಿಕಿರಣ ಸೂಸುವ ಹೈಡ್ರೊಜನ್ನಿನ ಗುರುತು ಹಚ್ಚಿ ಎಳೆಯ ಹೆಣ್ಣಿಲಿಗಳಿಗೆ ಕೊಟ್ಟು, ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡಿದರು. ರಕ್ತದಲ್ಲಿಯೂ ಸ್ನಾಯುವಿನಲ್ಲಿಯೂ ಅದು ಬಂದ ಹಾಗೆಯೇ ಹೊರಟುಹೋಯಿತು. ಗರ್ಭಾಶಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ಅಲ್ಲಿ ಅದನ್ನು ಹಿಡಿದು ಕೂರಿಸಿಕೊಳ್ಳುವ ಯಾವುದೋ ವಸ್ತು ಇರಲೇಬೇಕೆಂದು ಜೆನ್ಸನ್ ತರ್ಕಿಸಿದರು. ಆ ವಸ್ತುವೇ ಗ್ರಾಹಕ. ಹಾರ್ಮೋನು ಬಂದು ಕುಳಿತುಕೊಳ್ಳುವ ಪೀಠ. ಪೀಠ ಇಲ್ಲದ ಕೋಶದ ಮುಂದೆ ಹಾರ್ಮೋನು ನೂರು ಸಲ ಹಾದುಹೋದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ.

ಈ ತಿಳಿವಳಿಕೆ ಒಂದು ಹಳೆಯ ಒಗಟನ್ನೂ ಬಿಡಿಸಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಮಿತಿಮೀರಿ ಬೆಳೆದಿದ್ದ ಸ್ತನದ ಕ್ಯಾನ್ಸರಿನ ರೋಗಿಯೊಬ್ಬರ ಅಂಡಾಶಯಗಳನ್ನು ತೆಗೆದಾಗ ಗಂಟುಗಳು ಕರಗಿದುದನ್ನು ೧೮೯೬ರಲ್ಲಿ ವರದಿ ಮಾಡಿದ್ದರು. ಆದರೆ ಆಮೇಲೆ ಅದೇ ಶಸ್ತ್ರಕ್ರಿಯೆ ಕೆಲವರಿಗೆ ಮಾತ್ರ ಗುಣ ಕೊಟ್ಟಿತು, ಉಳಿದವರಿಗೆ ಕೊಡಲಿಲ್ಲ. ಏಕೆಂದು ಯಾರಿಗೂ ತಿಳಿಯದು. ಯಾರ ಗಂಟಿನ ಕೋಶಗಳಲ್ಲಿ ಗ್ರಾಹಕವಿದೆಯೋ ಅವರಿಗೇ ಗುಣವಾಗುತ್ತದೆಂಬುದು ಜೆನ್ಸನ್ನರ ಕೆಲಸದ ಅನಂತರ ಸ್ಪಷ್ಟವಾಯಿತು. ಇಂದು ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸಿದಾಗ ಬರುವ ವರದಿಯಲ್ಲಿ ‘ಇ.ಆರ್. ಪಾಸಿಟಿವ್’ ಎಂದು ಬರೆದಿರುತ್ತದಲ್ಲ, ಅದರ ಅರ್ಥ ಇಷ್ಟೇ: ಈ ಕೋಶಗಳಲ್ಲಿ ಈಸ್ಟ್ರೋಜೆನ್ನಿನ ಪೀಠ ಇದೆ.

ಪೀಠದ ಒಳಗಡೆ

ಈ ಗ್ರಾಹಕ ೫೯೫ ಮಣಿಗಳನ್ನು ಪೋಣಿಸಿದ ಒಂದು ಪ್ರೋಟೀನಿನ ಸರ. ಮಣಿ ಎಂದರೆ ಅಮೈನೊ ಆಮ್ಲ. ಸರ ಸುತ್ತಿಸುತ್ತಿ ಮಡಿಸಿಕೊಂಡು ಕೋಶಕೇಂದ್ರದಲ್ಲಿ ಇರುತ್ತದೆ. ಅದರ ಒಂದು ಭಾಗಕ್ಕೆ ವಂಶವಾಹಿಯ ತಂತುವನ್ನು ಹಿಡಿದುಕೊಳ್ಳುವ ಬೆರಳುಗಳಿವೆ. ಇನ್ನೊಂದು ಭಾಗದಲ್ಲಿ ಹನ್ನೆರಡು ಸುರುಳಿಗಳು ಮೂರು ಪದರವಾಗಿ ಜೋಡಿಸಿಕೊಂಡು, ನಡುವೆ ಒಂದು ಗುಹೆಯನ್ನು ಮಾಡಿಕೊಂಡಿವೆ. ಹಾರ್ಮೋನಿನ ಆಸನ ಈ ಗುಹೆಯೊಳಗೆ.

ಗುಹೆಯ ಗೋಡೆಗಳು ಎಣ್ಣೆ ಸವರಿದಂತೆ; ನೀರಿಗೆ ಅಲ್ಲಿ ಹೆಚ್ಚು ಎಡೆಯಿಲ್ಲ. ಈಸ್ಟ್ರಡಯಾಲ್ ಕೂಡ ಜಿಡ್ಡಿನ ಜಾತಿ, ಆದುದರಿಂದ ಅಲ್ಲಿ ಸುಖವಾಗಿ ಸೇರುತ್ತದೆ. ಅದರ ಎರಡು ತುದಿಗಳಲ್ಲಿ ಎರಡು ಕೊಕ್ಕೆಗಳಿವೆ. ಒಂದು ತುದಿಯನ್ನು ಗುಹೆಯ ೩೫೩ನೆಯ ಮತ್ತು ೩೯೪ನೆಯ ಮಣಿಗಳು, ನೀರಿನ ಒಂದೇ ಒಂದು ಅಣುವಿನ ನೆರವಿನಿಂದ ಹಿಡಿಯುತ್ತವೆ. ಇನ್ನೊಂದು ತುದಿಯನ್ನು ೫೨೪ನೆಯ ಮಣಿ ಹಿಡಿಯುತ್ತದೆ. ಎರಡು ಕೈ ಹಿಡಿದು ಮಣೆಯ ಮೇಲೆ ಕೂರಿಸಿದ ಹಾಗೆ! ಆದರೂ ಗುಹೆ ಹಾರ್ಮೋನಿನ ಗಾತ್ರಕ್ಕಿಂತ ಸುಮಾರು ಎರಡು ಪಟ್ಟು ವಿಶಾಲ. ಬೀಗಕ್ಕೆ ಬೀಗದ ಕೈ ಹೊಂದಿದ ಹಾಗೆ ಎಂಬ ಹಳೆಯ ಹೋಲಿಕೆ ಇಲ್ಲಿ ಪೂರ್ತಿ ಸರಿಬೀಳದು. ಆ ಬಿಡುವಿನಿಂದಾಗಿಯೇ ಹಾರ್ಮೋನಲ್ಲದ ಇತರ ವಸ್ತುಗಳೂ ಅಲ್ಲಿಗೆ ನುಸುಳಬಲ್ಲವು.

ಹಾರ್ಮೋನು ಕುಳಿತೊಡನೆ ಹನ್ನೆರಡನೆಯ ಸುರುಳಿ ಬಂದು, ಡಬ್ಬಿಯ ಮುಚ್ಚಳದಂತೆ ಗುಹೆಯ ಬಾಯಿಯನ್ನು ಮುಚ್ಚುತ್ತದೆ. ಮುಖ್ಯವಾದ ಘಟನೆ ಇದು. ಮುಚ್ಚಳ ಮುಚ್ಚಿದಾಗ ಗ್ರಾಹಕದ ಹೊರಮೈಯಲ್ಲಿ ಒಂದು ಹರಳುಕೋಣೆಯಂಥ ತಗ್ಗು ಸಿದ್ಧವಾಗುತ್ತದೆ. ಸಹಾಯಕ ಪ್ರೋಟೀನುಗಳು ಬಂದು ತಮ್ಮ ಮೊನೆಯನ್ನು ಆ ತಗ್ಗಿನಲ್ಲಿ ಊರುತ್ತವೆ. ಅವು ಬಂದ ಮೇಲೆ ಸುತ್ತಿಟ್ಟ ವಂಶವಾಹಿಯ ತಂತು ಸಡಿಲಗೊಳ್ಳುತ್ತದೆ, ಅದರಲ್ಲಿ ಬರೆದ ಆಜ್ಞೆಯನ್ನು ಕೋಶ ಓದುತ್ತದೆ. ಸ್ತನದ ಕೋಶಕ್ಕೆ ಆ ಆಜ್ಞೆ ‘ಬೆಳೆ, ಇಬ್ಬಾಗವಾಗು’ ಎಂಬುದು. ಆರೋಗ್ಯವಂತ ಕೋಶ ಅದನ್ನು ಅಳತೆಯಲ್ಲಿ ಪಾಲಿಸುತ್ತದೆ. ಕ್ಯಾನ್ಸರಿನ ಕೋಶಕ್ಕೆ ಅಳತೆಯಿಲ್ಲ.

ಅಡ್ಡ ಬಿದ್ದ ಬಾಲ

ಇನ್ನು ಟ್ಯಾಮಾಕ್ಸಿಫೆನ್ ಒಳಹೊಗುವ ಬಗೆ. ಅದರ ಮೈಯಲ್ಲಿ ಮೂರು ಉಂಗುರಗಳಿವೆ. ಅವು ಈಸ್ಟ್ರಡಯಾಲಿನಂತೆಯೇ ಗುಹೆಯೊಳಗೆ ಸೇರಿಕೊಳ್ಳುತ್ತವೆ. ನುಂಗಿದ ಮಾತ್ರೆ ಹಾಗೆಯೇ ಕೆಲಸ ಮಾಡುವುದು ಕಡಮೆ. ಯಕೃತ್ತಿನ ಕಿಣ್ವಗಳು ಅದನ್ನು ತಿದ್ದಿ ಎರಡು ಹೊಸ ರೂಪಗಳನ್ನು ಕೊಡುತ್ತವೆ. ಈ ರೂಪಗಳು ಮೂಲ ಮಾತ್ರೆಗಿಂತ ಹತ್ತಾರು ಪಟ್ಟು ಬಿಗಿಯಾಗಿ ಪೀಠಕ್ಕೆ ಅಂಟುತ್ತವೆ. ಅಲ್ಲಿಯವರೆಗೆ ಹಾರ್ಮೋನಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಭೇದವಿರುವುದು ಬಾಲದಲ್ಲಿ. ಟ್ಯಾಮಾಕ್ಸಿಫೆನ್ನಿಗೆ ಸಾರಜನಕದ ಪರಮಾಣು ಹೊತ್ತ ಉದ್ದನೆಯ ಬಾಲವೊಂದಿದೆ. ಮೈ ಗುಹೆಯೊಳಗೆ ಕುಳಿತರೂ ಬಾಲ ಹೊರಗೆ ಚಾಚಿಕೊಂಡು, ೩೫೧ನೆಯ ಮಣಿಯನ್ನು ಹಿಡಿದು ನಿಲ್ಲುತ್ತದೆ. ಮುಚ್ಚಳ ಮುಚ್ಚಲು ಬರುತ್ತದೆ. ಬಾಲ ಅಡ್ಡ ಬರುತ್ತದೆ. ತುಂಬಿದ ಡಬ್ಬಿಯ ಅಂಚಿನಲ್ಲಿ ಚಮಚದ ಹಿಡಿ ಸಿಕ್ಕಿಕೊಂಡರೆ ಮುಚ್ಚಳ ಕೂರದು, ಇದೂ ಹಾಗೆಯೇ.

ವಿಚಿತ್ರವೆಂದರೆ, ಮುಚ್ಚಲಾರದ ಆ ಮುಚ್ಚಳ ಸುಮ್ಮನೆ ತೂಗಾಡುವುದಿಲ್ಲ. ಅದರ ಮೈಯಲ್ಲಿರುವ ಮಣಿಗಳ ಸಾಲು ಸಹಾಯಕ ಪ್ರೋಟೀನಿನ ಮೊನೆಯನ್ನು ಹೋಲುತ್ತದೆ. ಆದುದರಿಂದ ಅದು ಪಕ್ಕಕ್ಕೆ ವಾಲಿ, ಸಹಾಯಕರಿಗೆಂದು ಮೀಸಲಾದ ತಗ್ಗಿನಲ್ಲಿ ತಾನೇ ಮಲಗಿಬಿಡುತ್ತದೆ. ಸಹಾಯಕರು ಬಂದರೆ ಅವರಿಗೆ ಎಡೆಯಿಲ್ಲ. ಬಾಗಿಲು ಹಾಕಬೇಕಾದವನೇ ಅತಿಥಿಯ ಎಲೆಯ ಮುಂದೆ ಕುಳಿತ ಹಾಗಾಯಿತು. ಪೀಠ ತುಂಬಿದೆ, ಆದರೆ ಆಜ್ಞೆ ಹೊರಡುವುದಿಲ್ಲ. ಕೋಶ ಕಾಯುತ್ತಲೇ ಇರುತ್ತದೆ.

ಇದು ಊಹೆಯ ಚಿತ್ರವಲ್ಲ. ಗ್ರಾಹಕವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣಗಳನ್ನು ಹಾಯಿಸಿ ವಿಜ್ಞಾನಿಗಳು ಅಣು ಅಣುವಾಗಿ ಇದನ್ನು ಕಂಡಿದ್ದಾರೆ. ೧೯೯೭ರಲ್ಲಿ ಈಸ್ಟ್ರಡಯಾಲ್ ಕುಳಿತಿರುವ ಪೀಠವೂ ಟ್ಯಾಮಾಕ್ಸಿಫೆನ್ನಿನ ಬಂಧುವಾದ ರಾಲಾಕ್ಸಿಫೆನ್ ಕುಳಿತಿರುವ ಪೀಠವೂ ಪ್ರಕಟವಾದವು. ೧೯೯೮ರಲ್ಲಿ ಟ್ಯಾಮಾಕ್ಸಿಫೆನ್ನಿನ ರೂಪ ಕುಳಿತಿರುವ ಪೀಠ ಪ್ರಕಟವಾಯಿತು. ಮೊದಲನೆಯದರಲ್ಲಿ ಮುಚ್ಚಳ ಮುಚ್ಚಿತ್ತು. ಉಳಿದ ಎರಡರಲ್ಲಿ ಸರಿದಿತ್ತು.

ಸೋತು ಗೆದ್ದ ಮದ್ದು

ಈ ಮದ್ದು ಹುಟ್ಟಿದ್ದು ಕ್ಯಾನ್ಸರಿಗಾಗಿ ಅಲ್ಲ. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಔಷಧ ಪ್ರಯೋಗಾಲಯವೊಂದರಲ್ಲಿ ಆರ್ಥರ್ ವಾಲ್ಪೋಲ್ ಅವರ ತಂಡ ಗರ್ಭನಿರೋಧಕವೊಂದನ್ನು ಅರಸುತ್ತಿತ್ತು. ಅದೇ ತಂಡದ ರಸಾಯನವಿಜ್ಞಾನಿ ಡೋರಾ ರಿಚರ್ಡ್‌ಸನ್ ೧೯೬೨ರಲ್ಲಿ ಈ ವಸ್ತುವನ್ನು ತಯಾರಿಸಿದರು. ಇಲಿಗಳಲ್ಲಿ ಅದು ಗರ್ಭವನ್ನು ತಡೆಯಿತು. ಹೆಂಗಸರಲ್ಲಿ ನೋಡಿದರೆ ಉಲ್ಟಾ! ಅಂಡ ಬಿಡುಗಡೆಯಾಗುವಂತೆ ಅದೇ ಪ್ರೇರಿಸಿತು. ಗರ್ಭನಿರೋಧಕವಾಗಿ ಅದು ಸೋತಿತು. ಆದರೆ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಅವರ ಸಂಗಡಿಗರು ಅದನ್ನು ಮುಂದುವರಿದ ಸ್ತನಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು, ಗುಣ ಕಂಡುದನ್ನು ೧೯೭೧ರಲ್ಲಿ ಪ್ರಕಟಿಸಿದರು. ೧೯೭೩ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಅನುಮತಿ ದೊರೆಯಿತು. ನಮ್ಮ ನಾಡಿನ ಕ್ಯಾನ್ಸರ್ ರೋಗಿಗಳ ಆಸರೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಆರಂಭವಾದುದೂ ಅದೇ ವರ್ಷ.

ಆಗಿನ್ನೂ ತರುಣರಾಗಿದ್ದ ಕ್ರೇಗ್ ಜೋರ್ಡನ್ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗ ರುದ್ರಪಟ್ಟಣದ ತಾಯಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಸ್ತನದ ಗಂಟು ಹುಟ್ಟಿಸುವ ರಾಸಾಯನಿಕವನ್ನು ಉಂಡ ಇಲಿಗಳಲ್ಲಿ ಕೆಲವಕ್ಕೆ ಒಂದು ತಿಂಗಳ ಕಾಲ ಟ್ಯಾಮಾಕ್ಸಿಫೆನ್ ಕೊಟ್ಟರು. ಕೆಲವಕ್ಕೆ ಆರು ತಿಂಗಳು. ಒಂದು ತಿಂಗಳು ಪಡೆದವುಗಳಲ್ಲಿ ಗಂಟು ತಡವಾಗಿಯಾದರೂ ಬಂದೇ ಬಂತು. ಆರು ತಿಂಗಳು ಪಡೆದವುಗಳಲ್ಲಿ ಬಹುಪಾಲು ಗಂಟಿಲ್ಲದೆ ಉಳಿದವು. ಪೀಠದ ಮೇಲೆ ಕುಳಿತವನು ಬೇಗ ಎದ್ದರೆ ಹಾರ್ಮೋನು ಮತ್ತೆ ಬಂದು ಕೂರುತ್ತದೆ. ದೀರ್ಘ ಚಿಕಿತ್ಸೆಯ ಹಿಂದಿರುವ ತತ್ತ್ವ ಇದೇ. ಅನಂತರ ಸಾವಿರಾರು ಸ್ತ್ರೀಯರ ಮೇಲಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪೀಠವುಳ್ಳ ಕ್ಯಾನ್ಸರಿನಲ್ಲಿ ಐದು ವರ್ಷ ಮಾತ್ರೆ ನುಂಗಿದವರಲ್ಲಿ ಆ ರೋಗದಿಂದಾಗುವ ಸಾವು ಸುಮಾರು ಮೂರನೆಯ ಒಂದು ಪಾಲು ಕಡಮೆಯಾದುದು ಕಂಡಿತು. ಅವಧಿ ಪೂರೈಸಿದವರಲ್ಲಿ ಈ ಫಲ ಮಾತ್ರೆ ನಿಲ್ಲಿಸಿದ ಮೇಲೆಯೂ ವರ್ಷಗಟ್ಟಲೆ ಉಳಿಯುತ್ತದೆ.

ನುಗ್ಗೇಹಳ್ಳಿಯ ಹೆಸರು ಹೊತ್ತವರು

ಇಲಿಯಲ್ಲಿ ಒಂದು, ಮನುಷ್ಯರಲ್ಲಿ ಇನ್ನೊಂದು ಎಂದಾಗ ನಡುವಿನ ಪ್ರಾಣಿಯನ್ನು ನೋಡಬೇಕಾಗುತ್ತದೆ. ಆ ಕೆಲಸ ನಡೆದ ಸ್ಥಳಗಳಲ್ಲಿ ಬೆಂಗಳೂರೂ ಒಂದು. ರುದ್ರಪಟ್ಟಣವಿರುವ ಹಾಸನ ಜಿಲ್ಲೆಯಲ್ಲಿಯೇ, ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಹೆಸರಾದ ನುಗ್ಗೇಹಳ್ಳಿ ಇದೆ. ಆ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ನುಗ್ಗೇಹಳ್ಳಿ ರಘುವೀರ ಮೌದ್ಗಲ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾರ್ಮೋನುಗಳನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದರು. ೧೯೭೬ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ಮೌದ್ಗಲ್ ಅವರ ಮುಖ್ಯ ಉಪಾಯ ಪೀಠದ ಗೊಡವೆಗೆ ಹೋಗದೆ ಹಾರ್ಮೋನನ್ನು ದಾರಿಯಲ್ಲಿಯೇ ಹಿಡಿಯುವುದು. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಹಾರ್ಮೋನುಗಳಿಗೆ ಪ್ರತಿವಿಷವನ್ನು, ಎಂದರೆ ಪ್ರತಿಕಾಯವನ್ನು, ತಯಾರಿಸಿ ಪ್ರಾಣಿಗಳಿಗೆ ಕೊಟ್ಟರೆ ಅದು ಓಲೆಕಾರನನ್ನು ಬೀದಿಯಲ್ಲೇ ಅಪ್ಪಿ ನಿಲ್ಲಿಸುತ್ತದೆ. ಓಲೆ ತಲಪದೆ ಯಾವ ಕೆಲಸ ನಿಂತಿತೆಂದು ನೋಡಿದರೆ, ಆ ಹಾರ್ಮೋನಿನ ಕರ್ತವ್ಯವೇನೆಂದು ಗೊತ್ತಾಗುತ್ತದೆ. ಟ್ಯಾಮಾಕ್ಸಿಫೆನ್ನನ್ನೂ ಅವರು ಇಂಥ ಪ್ರಶ್ನೆಗಾಗಿ ಬಳಸಿದರು. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಬಾಳೆಹಣ್ಣು ಕಸಿಯುವ ಸಾಮಾನ್ಯ ಕೋತಿಯ ಮೇಲೆ ನಡೆದ ಆ ಅಧ್ಯಯನ ೧೯೮೭ರಲ್ಲಿ ಪ್ರಕಟವಾಯಿತು. ಈಸ್ಟ್ರೋಜೆನ್ನಿನ ಪೀಠವನ್ನು ತಡೆದರೆ ಗರ್ಭ ನೆಲೆಯೂರದು, ಆದುದರಿಂದ ಗರ್ಭದ ಮೊದಲ ದಿನಗಳಲ್ಲಿ ಆ ಹಾರ್ಮೋನು ಬೇಕೇ ಬೇಕು ಎಂಬುದು ಅದರಿಂದ ತಿಳಿಯಿತು. ರೋಗಕ್ಕೆ ಮದ್ದಾದುದು ವಿಜ್ಞಾನಿಯ ಕೈಯಲ್ಲಿ ಪ್ರಶ್ನೆ ಕೇಳುವ ಉಪಕರಣವೂ ಆಯಿತು.

ಹೀಗೆ ಹಾರ್ಮೋನನ್ನು ತಡೆಯಲು ದಾರಿ ಮೂರು. ಓಲೆಕಾರನನ್ನು ಬೀದಿಯಲ್ಲಿ ಹಿಡಿಯುವುದು ಒಂದು. ಪೀಠದಲ್ಲಿ ತಾನೇ ಕುಳಿತುಬಿಡುವುದು ಎರಡನೆಯದು. ಓಲೆ ಬರೆಯುವ ಕಚೇರಿಯನ್ನೇ ಮುಚ್ಚಿಸುವುದು ಮೂರನೆಯದು. ಮುಟ್ಟು ನಿಂತ ಸ್ತ್ರೀಯರಿಗೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಈ ಬಗೆಯವು. ಅವು ಪೀಠವನ್ನು ಮುಟ್ಟುವುದಿಲ್ಲ. ಈಸ್ಟ್ರೋಜೆನ್ ತಯಾರಾಗುವುದನ್ನು ತಪ್ಪಿಸುತ್ತವೆ.

ಒಂದೇ ಪೀಠ, ಹಲವು ಮನೆ

ಪೀಠದಲ್ಲಿ ಕುಳಿತವನು ಎಲ್ಲ ಮನೆಗಳಲ್ಲಿಯೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಸ್ತನದ ಕೋಶದಲ್ಲಿ ಹಾರ್ಮೋನಿಗೆ ಅಡ್ಡಿಯಾಗುವ ಟ್ಯಾಮಾಕ್ಸಿಫೆನ್, ಮುಟ್ಟು ನಿಂತವರ ಮೂಳೆಯಲ್ಲಿ ಹಾರ್ಮೋನಿನಂತೆಯೇ ವರ್ತಿಸಿ ಮೂಳೆ ಸವೆಯದಂತೆ ಕಾಯುತ್ತದೆ. ಗರ್ಭಾಶಯದ ಒಳಪದರದಲ್ಲಿಯೂ ಕೊಂಚ ಹಾರ್ಮೋನಿನಂತೆ ವರ್ತಿಸುತ್ತದೆ, ಇದು ಒಳ್ಳೆಯದಲ್ಲ. ಒಂದೊಂದು ಅಂಗದಲ್ಲಿ ಸಹಾಯಕ ಪ್ರೋಟೀನುಗಳ ಪರಿವಾರ ಬೇರೆ ಬೇರೆ. ಎಲ್ಲಿ ಯಾರು ಹೆಚ್ಚಾಗಿದ್ದಾರೆಂಬುದರ ಮೇಲೆ ಅರೆಸರಿದ ಮುಚ್ಚಳದ ಪರಿಣಾಮವೂ ಬೇರೆಯಾಗುತ್ತದೆ. ಒಬ್ಬನೇ ಅಳಿಯ ಒಂದು ಮನೆಯಲ್ಲಿ ಮೌನಿ, ಇನ್ನೊಂದು ಮನೆಯಲ್ಲಿ ಮಾತುಗಾರ.

ಭಾರತದ ವಿಜ್ಞಾನಿಗಳು ಈ ಗುಣವನ್ನೇ ಸಾಧಕವಾಗಿ ಬಳಸಿದ್ದಾರೆ. ಲಖ್ನೋವಿನ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಸಿದ್ಧವಾದ ಸೆಂಟ್‌ಕ್ರೋಮಾನ್ ಎಂಬ ಮದ್ದು ಇದೇ ಪೀಠದಲ್ಲಿ ಕೂರುವ ಜಾತಿ. ವಾಲ್ಪೋಲ್ ಅವರ ತಂಡಕ್ಕೆ ಕೈಗೂಡದ ಗರ್ಭನಿರೋಧಕ ಇಲ್ಲಿ ಕೈಗೂಡಿತು. ೧೯೯೧ರಲ್ಲಿ ಅದು ‘ಸಹೇಲಿ’ ಎಂಬ ಹೆಸರಿನಿಂದ ಪೇಟೆಗೆ ಬಂತು. ೨೦೧೬ರಲ್ಲಿ ‘ಛಾಯಾ’ ಎಂಬ ಹೆಸರಿನಿಂದ ಸರಕಾರದ ಕುಟುಂಬ ಯೋಜನೆಯನ್ನು ಸೇರಿತು.

ಕ್ಯಾನ್ಸರಿನ ಕೋಶವೂ ಬುದ್ಧಿವಂತನೇ. ಕೆಲವು ರೋಗಿಗಳಲ್ಲಿ, ದೀರ್ಘ ಚಿಕಿತ್ಸೆಯ ಅನಂತರ ಗ್ರಾಹಕದ ೫೩೭ನೆಯ ಅಥವಾ ೫೩೮ನೆಯ ಮಣಿ ಬದಲಾಗಿ, ಹಾರ್ಮೋನು ಬಾರದೆಯೇ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುವುದನ್ನು ೨೦೧೩ರಲ್ಲಿ ಗುರುತಿಸಿದರು. ಅದಕ್ಕೆ ಪ್ರತಿಯಾಗಿ ಪೀಠವನ್ನೇ ಕೆಡವಿಹಾಕುವ ಮದ್ದುಗಳು ಬಂದಿವೆ: ೨೦೦೨ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಲ್ವೆಸ್ಟ್ರಾಂಟ್ ಎಂಬ ಚುಚ್ಚುಮದ್ದು, ೨೦೨೩ರಲ್ಲಿ ಅನುಮತಿ ಪಡೆದ ಎಲಸೆಸ್ಟ್ರಾಂಟ್ ಎಂಬ ಮಾತ್ರೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿಯೂ ಇದೇ ಬಗೆಯ ಕದನ ನಡೆಯುತ್ತದೆ. ಅಲ್ಲಿ ಪೀಠ ಟೆಸ್ಟೊಸ್ಟಿರಾನ್ ಕುಲದ್ದು, ಮದ್ದು ಬೈಕಲುಟಮೈಡ್, ಎನ್ಜಲುಟಮೈಡ್ ಮುಂತಾದವು.

ಮನೆಯ ಲೆಕ್ಕ

ಇಷ್ಟು ತಿಳಿದ ಮೇಲೆ ರುದ್ರಪಟ್ಟಣದ ಮನೆಗೆ ಹಿಂದಿರುಗಬಹುದು. ತಾಯಿಯ ಮೈ ಬಿಸಿಯೇರುವುದು ಸುಳ್ಳಲ್ಲ, ಅದು ಆಹಾರದ ಉಷ್ಣದಿಂದಲೂ ಅಲ್ಲ. ಮೈಯ ಶಾಖವನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗದಲ್ಲಿಯೂ ಈಸ್ಟ್ರೋಜೆನ್ನಿನ ಪೀಠಗಳಿವೆ. ಮಾತ್ರೆ ಅಲ್ಲಿಯೂ ಹೋಗಿ ಕುಳಿತಿದೆ. ಕಷ್ಟ ಬಹಳವಾದರೆ ವೈದ್ಯರಿಗೆ ಹೇಳಬೇಕು, ಅವರಲ್ಲಿ ಉಪಾಯಗಳಿವೆ. ಗೂಡಿನಲ್ಲಿ ಬಚ್ಚಿಡುವುದು ಉಪಾಯವಲ್ಲ.

ಹೇಳದೆ ಬೇರೆ ಮದ್ದು ಸೇರಿಸುವುದೂ ಅಪಾಯ. ಮಾತ್ರೆಯನ್ನು ಯಕೃತ್ತಿನ ಕಿಣ್ವ ತಿದ್ದಿದರೇ ಅದಕ್ಕೆ ಪೂರ್ತಿ ಬಲ. ಪ್ಯಾರೊಕ್ಸೆಟಿನ್‌ನಂಥ ಖಿನ್ನತೆಯ ಕೆಲವು ಮಾತ್ರೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕಾಲಿನ ಮೀನಖಂಡ ಊದಿ ನೋಯುವುದು, ತಟ್ಟನೆ ಉಸಿರು ಕಟ್ಟುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಇವುಗಳಲ್ಲಿ ಯಾವುದಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟುವ ಮತ್ತು ಗರ್ಭಾಶಯದ ಒಳಪದರ ಕೆಡುವ ಸಂಭವ ಈ ಮದ್ದಿನಿಂದ ಕೊಂಚ ಹೆಚ್ಚುತ್ತದೆ. ಇನ್ನೂ ಮಕ್ಕಳಾಗುವ ವಯಸ್ಸಿನವರು ಈ ಮಾತ್ರೆ ನುಂಗುವ ಕಾಲದಲ್ಲಿ ಗರ್ಭ ಧರಿಸಬಾರದು.

ಎಂಟು ದಿನ ಬಿಟ್ಟುದಕ್ಕೆ ಏನಾಯಿತು? ಈ ಮದ್ದು ದೇಹದಿಂದ ಮೆಲ್ಲನೆ ಹೊರಡುವ ಸ್ವಭಾವದ್ದು. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಐದರಿಂದ ಏಳು ದಿನ ಹಿಡಿಯುತ್ತದೆ. ಅದರಿಂದ ಹುಟ್ಟುವ ಮುಖ್ಯ ರೂಪಾಂತರವೊಂದಕ್ಕೆ ಸುಮಾರು ಎರಡು ವಾರ. ಎಂಟು ದಿನದಲ್ಲಿ ಪೀಠಗಳು ಪೂರ್ತಿ ಬರಿದಾಗಿರುವುದಿಲ್ಲ. ಒಂದು ದಿನ ಮರೆತರೆ ಎದೆಗೆಡಬೇಕಾಗಿಲ್ಲ, ಮರುದಿನ ಎರಡು ನುಂಗಲೂ ಬಾರದು. ಆದರೆ ದಿನ ವಾರವಾಗಿ, ವಾರ ತಿಂಗಳಾದರೆ ಪೀಠಗಳು ಒಂದೊಂದಾಗಿ ತೆರವಾಗುತ್ತವೆ. ಶಸ್ತ್ರದ ಕಣ್ಣಿಗೆ ಬೀಳದೆ ದೇಹದಲ್ಲಿ ಎಲ್ಲಿಯೋ ಒಂದು ಕೋಶ ಉಳಿದಿದ್ದರೆ ಅದು ಕಾಯುತ್ತಿರುವುದು ಆ ತೆರವಿಗಾಗಿಯೇ.

ಮಗಳು ಇದನ್ನೆಲ್ಲ ಪುಸ್ತಕದ ಮಾತಿನಲ್ಲಿ ಹೇಳಲಿಲ್ಲ. ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಶ್ರುತಿ ಸೇರಿಸಿದಳು. ಕುದುರೆಗೂ ತಂತಿಗೂ ನಡುವೆ ಇರುವ ನೂಲಿನ ಎಳೆಯನ್ನು ಸಂಗೀತಗಾರರು ಜೀವವೆಂದೇ ಕರೆಯುವುದುಂಟು. ಅದು ತನ್ನ ಜಾಗದಲ್ಲಿ ಕೂತಾಗ ತಂತಿ ಝೇಂಕರಿಸುತ್ತದೆ. ಆ ಎಳೆಯನ್ನು ತೆಗೆದು, ಅದೇ ಜಾಗದಲ್ಲಿ ಹೂ ಕಟ್ಟುವ ದಪ್ಪ ದಾರದ ತುಣುಕೊಂದನ್ನು ಸಿಕ್ಕಿಸಿ ಮೀಟಿದಳ. ತಂತಿ ಮಿಡಿಯಿತು; ನಾದ ಏಳಲಿಲ್ಲ.

“ತಂತಿಗೆ ಏನೂ ಆಗಿಲ್ಲಮ್ಮ. ಕುದುರೆಯೂ ಸರಿಯಾಗಿದೆ,” ಎಂದಳು. “ಜೀವದ ಜಾಗದಲ್ಲಿ ಬೇರೆ ದಾರ ಕೂತಿದೆ, ಅಷ್ಟೆ. ಇದನ್ನು ಕಿತ್ತ ಗಳಿಗೆಯಲ್ಲಿ ಮತ್ತೆ ನಾದ ಏಳುತ್ತದೆ. ನಿನ್ನ ಮೈಯೊಳಗೆ ಏಳಬಾರದ ನಾದ ಒಂದಿದೆ.”

ಅತ್ತೆಯವರು ಹಜಾರದ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಸೊಸೆಯ ಮುಂದಿಟ್ಟರು. “ನಾಳೆಯೇ ಡಾಕ್ಟರಿಗೆ ಫೋನು ಮಾಡಿ, ಬಿಟ್ಟದ್ದನ್ನೂ ಹೇಳು, ಮೈ ಕಾಯುವುದನ್ನೂ ಹೇಳು,” ಎಂದರು. ಸೊಸೆ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿಕೊಂಡರು. ಅಷ್ಟು ಹೊತ್ತಿಗೆ ಪಾಠಕ್ಕೆ ಬರುವ ಮಕ್ಕಳ ಸದ್ದು ಬಾಗಿಲಲ್ಲಿ ಕೇಳಿಸಿತು. ಮಗಳು ದಪ್ಪ ದಾರವನ್ನು ತೆಗೆದು, ಜೀವದ ಎಳೆಯನ್ನು ಅದರ ಜಾಗಕ್ಕೆ ಸೇರಿಸಿದಳು. ತಂಬೂರಿಗೆ ನಾದ ಬೇಕಾಗಿತ್ತು.